ತೆರೆಯದ ಅಂಗಡಿಯ ಮುಂದೆ ಒಂದು ಗುರುವಾರ

ಗುರುವಾರ, ಫೆಬ್ರುವರಿ ಹನ್ನೆರಡು. ಬೆಳಿಗ್ಗೆ ಎಂಟೂವರೆ. ಸ್ಥಳ, ಕುಷ್ಟಗಿಯಲ್ಲಿರುವ ನನ್ನ ತಂಗಿ ಗಂಗವ್ವನ ಮನೆಯ ಪಡಸಾಲೆ. ಹಾಜರಿದ್ದವರು ನಾನು, ಗಂಗವ್ವ, ಅವಳ ಗಂಡ ಮಲ್ಲಪ್ಪ. ನಡುವೆ ಚಾಪೆಯ ಮೇಲೆ ಒಂದು ಹಳೆಯ ಫೋನು. ಅದೂ ಹಾಜರಿತ್ತು ಎನ್ನಲು ನನಗೆ ಮನಸ್ಸಿಲ್ಲ. ಬಂದು ಕೂತಿತ್ತು, ಅಷ್ಟೆ.

ವಾರ, ವೇಳೆ, ಹಾಜರಿ ಹೇಳದೆ ನನಗೆ ಯಾವ ಮಾತನ್ನೂ ಶುರು ಮಾಡಲು ಬರುವುದಿಲ್ಲ. ಕೊಪ್ಪಳದ ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿದ್ದವನು ನಾನು. ಜಾಲರಿಯ ಕಿಟಕಿಯ ಹಿಂದೆ ಕೂತು, ಬಂದ ಬಸ್ಸಿಗೆ ಬಂದ ವೇಳೆ, ಹೋದ ಬಸ್ಸಿಗೆ ಹೋದ ವೇಳೆ ಹಾಕಿ, ಮೈಕಿನಲ್ಲಿ ಕೂಗಿ ಕೂಗಿ ನಿವೃತ್ತನಾದೆ. ಈಗಲೂ ಯಾರಾದರೂ "ಹಿಟ್ನಾಳ" ಎಂದರೆ ನನ್ನ ಗಂಟಲು ತಾನಾಗಿ "ಮಾರ್ಗವಾಗಿ ಗಂಗಾವತಿ" ಎಂದು ಮುಗಿಸುತ್ತದೆ. ಮದುವೆಯ ಊಟದ ಪಂಕ್ತಿಯಲ್ಲೂ ಹೀಗಾಗಿ ಮಾನ ಹೋದದ್ದುಂಟು.

ಗಂಗವ್ವನಿಗೆ ಹುಟ್ಟಿದಾಗಿನಿಂದ ಕಿವಿ ಕೇಳಿಸದು, ಬಾಯಲ್ಲಿ ಮಾತಿಲ್ಲ. ಮಾತೆಲ್ಲ ಕೈಯಲ್ಲಿ. ತಳಕಲ್ಲಿನ ನಮ್ಮ ಮನೆಯಲ್ಲಿ ಎಲ್ಲರಿಗೂ ಅವಳು ಕೈಯಲ್ಲಿ ಒಂದೊಂದು ಹೆಸರಿಟ್ಟಿದ್ದಳು. ತಲೆಯ ಸುತ್ತ ಬೆರಳು ತಿರುಗಿಸಿದರೆ ರುಮಾಲಿನ ಅಪ್ಪ. ಎರಡು ಅಂಗೈ ತಟ್ಟಿದರೆ ರೊಟ್ಟಿ ಬಡಿಯುವ ಅವ್ವ. ಮೂಗಿನ ಕೆಳಗೆ ಮುಂಗೈ ಒರೆಸಿಕೊಂಡರೆ ನಾನು. ಕಾರಣ ಹೇಳಬೇಕಾಗಿಲ್ಲ. ನೌಕರಿ ಸಿಕ್ಕಿ ಕೈಗೆ ಗಡಿಯಾರ ಬಂದ ಮೇಲೆ ಮಣಿಕಟ್ಟಿನ ಮೇಲೆ ಎರಡು ಸಲ ಬೆರಳು ಬಡಿಯುವುದು ನನ್ನ ಹೆಸರಾಯಿತು. ಸಿಟ್ಟು ಬಂದಾಗ ಮಾತ್ರ ಅವಳು ಹಳೆಯ ಹೆಸರಿಗೆ ಹೋಗುತ್ತಾಳೆ. ಈ ಗುರುವಾರ ನಾನು ಎಷ್ಟು ಸಲ ಮೂಗಾದೆನೋ ಲೆಕ್ಕವಿಟ್ಟಿಲ್ಲ.

ಇಂಥವಳಿಗೆ ಫೋನೆಂದರೆ ಮುಖ ಕಾಣುವ ಫೋನು. ನನ್ನಲ್ಲಿ ಮತ್ತು ಮಲ್ಲಪ್ಪನಲ್ಲಿರುವ ಗುಂಡಿ ಫೋನು ಅವಳ ಪಾಲಿಗೆ ಸಾಬೂನಿನ ತುಂಡು. ಅವಳು ಮುಖ ನೋಡಿ ಮಾತಾಡುವುದು ಮುಖ್ಯವಾಗಿ ಜೈಬುನ್ನೀಸಾಳೊಂದಿಗೆ. ಇಬ್ಬರೂ ಕಿವುಡ ಮಕ್ಕಳ ವಸತಿ ಶಾಲೆಯಲ್ಲಿ ಒಂದೇ ಚಾಪೆಯ ಮೇಲೆ ಮಲಗಿದವರು. ಜೈಬುನ್ನೀಸಾ ಗಂಗಾವತಿಯವಳು, ಈಗ ಮೀರಜದಲ್ಲಿ ಮಗನ ಮನೆಯಲ್ಲಿದ್ದಾಳೆ. ಅವಳಿಗೆ ಚಿಕ್ಕಂದಿನಿಂದ ಒಂದು ಕಣ್ಣು ಕಾಣುವುದಿಲ್ಲ. ಕಾಣುವ ಕಣ್ಣಿಗೆ ಈಗ ಆಪರೇಷನ್ ಆಗಬೇಕು, ಶುಕ್ರವಾರ ಬೆಳಿಗ್ಗೆ. ಆದ ಮೇಲೆ ಕೆಲವು ದಿನ ಕಣ್ಣಿಗೆ ಪಟ್ಟಿ ಕಟ್ಟುತ್ತಾರೆ. ಕಿವಿ ಕೇಳದವಳಿಗೆ ಇರುವ ಒಂದು ಕಣ್ಣನ್ನೂ ಕಟ್ಟಿದರೆ ಏನಾಗುತ್ತದೆ, ನೀವೇ ಯೋಚಿಸಿ. ನಾನಂತೂ ಅವಳ ಮಗ ಮೀರಜದಿಂದ ಮಲ್ಲಪ್ಪನಿಗೆ ಫೋನು ಮಾಡುವವರೆಗೆ ಯೋಚಿಸಿರಲಿಲ್ಲ.

"ಕಾಕಾ, ಅಮ್ಮೀ ಹಟ ಹಿಡದು ಕುಂತಾಳ್ರಿ," ಎಂದನಂತೆ ಅವನು. "ಕತ್ತಲದಾಗ ನನ್ನ ಜೋಡಿ ಯಾರು ಮಾತಾಡ್ತಾರ ಅಂತಾಳ. ಗಂಗವ್ವ ಖಾಲಾನ ಮಾರಿ ನೋಡಿ ಮಾತಾಡೂತನಾ ಆಪರೇಷನ್ನಿನ ಒಪ್ಪಿಗಿ ಕಾಗದಕ್ಕ ಹೆಬ್ಬಟ್ಟು ಒತ್ತಂಗಿಲ್ಲ ಅಂತಾಳ. ಗುರುವಾರ ಸಂಜಿ ಆರರ ಒಳಗ ಒತ್ತಬೇಕು, ಇಲ್ಲಾಂದ್ರ ಡಾಕ್ಟರು ಆ ಜಾಗಾ ಬ್ಯಾರೇದವರಿಗೆ ಕೊಡ್ತಾರ."

ಗಂಗವ್ವನ ಬಳಿ ಇದಕ್ಕೊಂದು ಉಪಾಯವಿತ್ತು. ವಸತಿ ಶಾಲೆಯಲ್ಲಿ ರಾತ್ರಿ ದೀಪ ಆರಿಸಿದ ಮೇಲೆ ಮಾತು ನಿಲ್ಲುತ್ತಿತ್ತು. ಕೈ ಕಾಣದಿದ್ದರೆ ಮಾತಿಲ್ಲ. ಆಗ ಇವರಿಬ್ಬರು ಒಬ್ಬರ ಅಂಗೈಯಲ್ಲಿ ಒಬ್ಬರು ಬೆರಳಿನಿಂದ ಒತ್ತಿ, ಗೀರಿ, ತಟ್ಟಿ ಮಾತಾಡುವುದನ್ನು ಕಂಡುಕೊಂಡಿದ್ದರು. ಆ ಅಂಗೈ ಮಾತನ್ನು ಜೈಬುನ್ನೀಸಾಳಿಗೆ ನೆನಪು ಮಾಡಿಕೊಡಬೇಕು, ಆಸ್ಪತ್ರೆಯಲ್ಲಿ ಅವಳ ಬಳಿ ಇರುವ ಸೊಸೆಗೆ ಕಲಿಸಬೇಕು. ಕಲಿಸಲು ಮುಖ ಕಾಣುವ ಫೋನು ಬೇಕು. ನನಗೆ ಮೊದಲು ಹೊಳೆದದ್ದು ಬಸ್ಸು. ಮನಸ್ಸಿನಲ್ಲೇ ವಿಜಯಪುರದ ಮೇಲೆ ಒಂದು ದಾರಿ, ಬಾಗಲಕೋಟೆಯ ಮೇಲೆ ಒಂದು ದಾರಿ ಓಡಿಸಿ ನೋಡಿದೆ. ಯಾವ ದಾರಿಯಲ್ಲೂ ಸಂಜೆ ಆರಕ್ಕೆ ಮೀರಜ ಬರಲಿಲ್ಲ.

ಇಷ್ಟು ಅಗತ್ಯವಿದ್ದಾಗಲೇ ಗಂಗವ್ವನ ಫೋನಿನ ಬ್ಯಾಟರಿ ಪೂರಿಯಂತೆ ಉಬ್ಬಿತ್ತು. ಮಲ್ಲಪ್ಪ ಪೇಟೆಯಲ್ಲಿ ಹೊಸ ಬ್ಯಾಟರಿ ಹಾಕಿಸಿದ. ಹಾಕಿಸಿದರೆ ಫೋನು ಕಂಪನಿಯ ಗುರುತು ತೋರಿಸಿ ಅಲ್ಲಿಯೇ ನಿಂತುಬಿಟ್ಟಿತು. ಅಂಗಡಿಯವನು ಎರಡು ಗುಂಡಿ ಒಟ್ಟಿಗೆ ಒತ್ತಿ ಅದರಲ್ಲಿದ್ದುದನ್ನೆಲ್ಲ ಅಳಿಸಿ, ಕಾರ್ಖಾನೆಯಿಂದ ಬಂದ ದಿನ ಹೇಗಿತ್ತೋ ಹಾಗೆ ಮಾಡಿಕೊಟ್ಟ. ಮುಖ ಕಾಣುವ ಆ್ಯಪೂ ಹೋಯಿತು. ಬುಧವಾರ ಸಂಜೆ ನೆರೆಮನೆಯಾಕೆ ತನ್ನ ಫೋನು ಕೊಟ್ಟಳು. ಕೊಟ್ಟವಳು ಹಿಂದೆಯೇ ನಿಂತಳು. ಅವಳ ಹಿಂದೆ ಓಣಿಯ ಅರ್ಧ ಜನ ನಿಂತರು. ಬಾಯಿ ಮಾತಾದರೆ ಪಿಸುಗುಡಬಹುದು, ಕೈ ಮಾತಿಗೆ ಪಿಸುಮಾತಿಲ್ಲ. ಅಷ್ಟು ಮುಖಗಳನ್ನು ಕಂಡ ಜೈಬುನ್ನೀಸಾ ಸೆರಗು ಎಳೆದುಕೊಂಡು ಕರೆ ಮುಗಿಸಿದಳು. ಗುರುವಾರ ಬೆಳಿಗ್ಗೆ ನೆರೆಮನೆಯಾಕೆ ಫೋನಿನ ಸಮೇತ ತವರಿಗೆ ಹೋದಳು. ನಾನು ಕೊಪ್ಪಳದಿಂದ ಮೊದಲ ಬಸ್ಸಿಗೆ ಬಂದೆ.

ಬಂದವನೇ ಮೊದಲು ಮಾಡಿದ ಕೆಲಸ ವೇಳೆ ಸರಿಪಡಿಸಿದ್ದು. ಬ್ಯಾಟರಿ ಹಾಕಿಸುವಾಗ ತೆಗೆದಿಟ್ಟ ಸಿಮ್ಮು ಇನ್ನೂ ಬೆಂಕಿಪೆಟ್ಟಿಗೆಯಲ್ಲಿತ್ತು. ಫೋನು ಜನವರಿ ಒಂದು, ಮಧ್ಯರಾತ್ರಿ ಎಂದು ತೋರಿಸುತ್ತಿತ್ತು. ಹೊರಗೆ ಹಾಲಿನವನು ಗಂಟೆ ಬಾರಿಸುತ್ತಿದ್ದಾನೆ, ಇದಕ್ಕೆ ಮಧ್ಯರಾತ್ರಿ. ಕೆಳಗೆ ‘ತಾನಾಗಿಯೇ ವೇಳೆ ಹೊಂದಿಸಲಿ’ ಎಂಬಲ್ಲಿ ಗುರುತು ಹಾಕಿತ್ತು. ಈ ತಾನಾಗಿಯೇ ಎಂಬುದರಲ್ಲಿ ನನಗೆ ವಿಶ್ವಾಸವಿಲ್ಲ. ಗುರುತು ತೆಗೆದು, ನನ್ನ ಕೈಗಡಿಯಾರ ನೋಡಿ, ತಿಂಗಳು, ತಾರೀಖು, ಗಂಟೆ, ನಿಮಿಷ ಎಲ್ಲ ಕೂಡಿಸಿದೆ. ಫೋನು ತಾನಾಗಿ ‘ಗುರುವಾರ’ ಎಂದು ತೋರಿಸಿತು. ಒಪ್ಪಿದೆ.

"ಈಗ ಆ್ಯಪ್ ಅಂಗಡಿ ತೆರಿರಿ, ಭಾವಾರ," ಎಂದ ಮಲ್ಲಪ್ಪ. "ಅಲ್ಲಿಂದನ ಇಳಸಬೇಕಂತ."

ಸಿಮ್ಮು ಹಾಕಿ ಅಂಗಡಿಯ ಚಿತ್ರ ಒತ್ತಿದೆ. ಒಂದು ಉಂಗುರ ಸುತ್ತತೊಡಗಿತು. ಬಹಳ ಹೊತ್ತು ಸುತ್ತಿ ‘ಸಂಪರ್ಕವಿಲ್ಲ, ಮರಳಿ ಪ್ರಯತ್ನಿಸಿ’ ಎಂದಿತು. ಪ್ರಯತ್ನಿಸಿದೆ. ಮತ್ತೆ ಸುತ್ತು. ಮತ್ತೆ ಅದೇ ಮಾತು. ನಿಲ್ದಾಣದಲ್ಲಿ ನನ್ನ ಕಿಟಕಿಗೆ ಬಂದು "ಯಲಬುರ್ಗಾ ಗಾಡಿ ಎಷ್ಟೊತ್ತಿಗ್ರಿ?" ಎಂದು ಕೇಳಿ, ಉತ್ತರ ಕೇಳಿಸಿಕೊಂಡು, ಎರಡು ಹೆಜ್ಜೆ ಹೋಗಿ ಹಿಂದಿರುಗಿ ಅದನ್ನೇ ಕೇಳುವವರಿದ್ದರು. ಅವರ ಮೇಲೆ ನಾನು ಸಿಡುಕುತ್ತಿದ್ದೆ. ಈಗ ಆ ಕಿಟಕಿಯ ಹೊರಗೆ ನಾನೇ ನಿಂತಿದ್ದೆ. ಒಳಗಿದ್ದವನಿಗೆ ಮುಖವೂ ಇರಲಿಲ್ಲ.

ಗಂಗವ್ವ ನನ್ನತ್ತ ನೋಡಿ ಬೆರಳನ್ನು ಗಾಳಿಯಲ್ಲಿ ಸುತ್ತಿಸಿದಳು, ಸುತ್ತಿಸಿ ಸುತ್ತಿಸಿ ತನ್ನ ತಲೆ ತಿರುಗಿದಂತೆ ಮಾಡಿದಳು. ಆಮೇಲೆ ಮೂಗು ಒರೆಸಿಕೊಂಡಳು.

ಹತ್ತು ಗಂಟೆಗೆ ಪೇಟೆಯ ಅದೇ ಮೊಬೈಲ್ ಅಂಗಡಿ ತೆರೆಯಿತು. ಮೂವರೂ ಹೋದೆವು. ಅಂಗಡಿಯ ಶರಣಪ್ಪ ಫೋನನ್ನು ಅಂಗೈಯಲ್ಲಿ ತೂಗಿ ನೋಡಿದ.

"ಇದರ ಸಿಸ್ಟಮ್ ಭಾಳ ಹಳೇದ್ರಿ, ಅಜ್ಜಾರ. ಅಳಿಸಿದ ಮ್ಯಾಲೆ ಒಳಗಿನ ಸ್ಟೋರೂ ಹಳೇದ ಆಗಿ ಕುಂತೈತಿ. ಸ್ಟೋರ್ ನಡಸಾಕ ಹಿಂದ ಒಂದಿಷ್ಟು ಸರ್ವೀಸ್ ಅಂತ ಇರ್ತಾವ. ಅವು ಹೊಸಾವು ಹಾಕಬೇಕು."

"ಹಂಗಾರ ಸ್ಟೋರಿನಾಗಿಂದ ತಗೊಂಡು ಹಾಕು."

"ಸ್ಟೋರ್ ತೆರಿಯಂಗಿಲ್ಲಲ್ರಿ."

"ತೆರಿಯಾಕ ಏನ ಬೇಕು?"

"ಸರ್ವೀಸ್ ಬೇಕ್ರಿ."

"ಸರ್ವೀಸ್ ಎಲ್ಲಿ ಸಿಗತಾವು?"

"ಸ್ಟೋರಿನಾಗ."

ನಾನು ಮಲ್ಲಪ್ಪನ ಮುಖ ನೋಡಿದೆ. ಮಲ್ಲಪ್ಪ ಮೇಲೆ ತಿರುಗುತ್ತಿದ್ದ ಫ್ಯಾನು ನೋಡಿದ. ಡಿಪೋದ ಒಳಗೆ ಬರಲು ಚೀಟಿ ಬೇಕು, ಚೀಟಿ ಕೊಡುವ ಕೋಣೆ ಡಿಪೋದ ಒಳಗಿದೆ ಎಂಬಂಥ ವ್ಯವಸ್ಥೆ. ನಮ್ಮ ಇಲಾಖೆಯಲ್ಲೂ ಇಂಥವು ಇದ್ದವು ಎಂದು ಒಪ್ಪುತ್ತೇನೆ. ಆದರೆ ಅಲ್ಲಿ ಗೇಟಿನ ಪಕ್ಕದಲ್ಲಿ ತಂತಿ ಸರಿಸಿದ ಒಂದು ಕಿಂಡಿಯೂ ಇರುತ್ತಿತ್ತು.

ಶರಣಪ್ಪನ ಬಳಿಯೂ ಕಿಂಡಿಯಿತ್ತು. ಆ ಸರ್ವೀಸಿನ ಕಡತವನ್ನು ತನ್ನ ಕಂಪ್ಯೂಟರಿಗೆ ಇಳಿಸಿ, ಮೆಮೊರಿ ಕಾರ್ಡಿಗೆ ಹಾಕಿ, ಕಾರ್ಡನ್ನು ಫೋನಿಗೆ ತೂರಿಸಿದ. ಫೋನು ‘ಈ ಸಾಧನಕ್ಕೆ ಹೊಂದುವುದಿಲ್ಲ’ ಎಂದಿತು. ಬೇರೊಂದು ಇಳಿಸಿದ. ಅದನ್ನು ಒಳಗೆ ಬಿಟ್ಟುಕೊಂಡಿತು. ನಾವು ಉಸಿರು ಬಿಡುವಷ್ಟರಲ್ಲಿ ‘ಸೇವೆಗಳು ನಿಂತುಹೋಗಿವೆ’ ಎಂಬ ಚೌಕ ಬಂತು. ಸರಿ ಎಂದು ಒತ್ತಿದರೆ ಹೋಯಿತು, ಮರುಕ್ಷಣ ಮತ್ತೆ ಬಂತು. ನಾನು ಒತ್ತುವುದು, ಅದು ಬರುವುದು. ‘ಸರಿ’ ಎನ್ನದೆ ಬಿಡುವುದಿಲ್ಲ ಎಂಬ ಹಟ ಅದಕ್ಕೆ, ಯಾವುದೂ ಸರಿಯಿಲ್ಲದಾಗ ಸರಿ ಎನ್ನಬೇಕಾದ ಕರ್ಮ ನನಗೆ.

ಮೂರನೆಯ ಕಡತ ಸುಮ್ಮನೆ ಕೂತಿತು. ಚೌಕ ಬರಲಿಲ್ಲ. ಅಂಗಡಿಯ ಚಿತ್ರ ಒತ್ತಿದೆವು. ಉಂಗುರ ಸುತ್ತಿತು. ‘ಸಂಪರ್ಕವಿಲ್ಲ.’

"ಹೊಸಾದು ತಗೋರಿ," ಎಂದ ಶರಣಪ್ಪ. "ಇದನ್ನ ಹುಡುಗರ ಕೈಯಾಗ ಆಡಾಕ ಕೊಡ್ರಿ."

ಸಾಕಾಗಿ ನಾನೂ ಹೊಸದಕ್ಕೆ ಕೈ ತೋರಿಸಿದೆ. ಗಂಗವ್ವ ಹಳೆಯ ಫೋನನ್ನು ನನ್ನ ಕೈಯಿಂದ ಕಿತ್ತುಕೊಂಡು ಸೆರಗಿನಲ್ಲಿ ಸುತ್ತಿಕೊಂಡಳು. ಅವಳಿಗೆ ಓದು ಬರುವುದು ಅಷ್ಟಕ್ಕಷ್ಟೇ. ಯಾವ ಮೂಲೆಯಲ್ಲಿ ಯಾವ ಚಿತ್ರ, ಎಲ್ಲಿ ಒತ್ತಿದರೆ ಯಾರ ಮುಖ ಎಂಬುದನ್ನೆಲ್ಲ ಆ ಗಾಜಿನ ಮೇಲೆ ಬೆರಳು ಕಲಿತಿತ್ತು. ಹೊಸದನ್ನು ಮತ್ತೆ ಕಲಿಸುವವರು ಯಾರು ಎಂದು ಅವಳು ಕೇಳಿದ್ದು ಕೈಯಲ್ಲಾದರೂ ಶರಣಪ್ಪನಿಗೆ ಕೂಡ ತಿಳಿಯಿತು. "ಸಂಜಿ ಆರರ ತನಾ ಅಂಗಡಿ ತಗದಿರತೈತಿ ಬಿಡ್ರಿ, ಮನಸು ಮಾಡಿದ್ರ ಬರ್ರಿ," ಎಂದು ಇನ್ನೊಬ್ಬರತ್ತ ತಿರುಗಿದ.

ಮನೆಗೆ ಬಂದು ಊಟಕ್ಕೆ ಕೂತಾಗ ಮಧ್ಯಾಹ್ನ ಜಾರಿತ್ತು. ವೇಳೆಗೆ ಸರಿಯಾಗಿ ಉಣ್ಣದಿದ್ದರೆ ನನ್ನ ಸ್ವಭಾವ ಕೆಡುತ್ತದೆ. ಗಂಗವ್ವ ರೊಟ್ಟಿಯನ್ನು ತಟ್ಟೆಗೆ ಎಸೆದಂತೆ ಹಾಕಿದಳು. ಪುಂಡಿಪಲ್ಯ ಹುಳಿಯಾಗಿತ್ತೋ, ನನ್ನ ಬಾಯಿಯೇ ಹುಳಿಯಾಗಿತ್ತೋ.

"ಬ್ಯಾಟರಿ ಹಾಕಿಸಾಕ ಹೋದಾಗ ಅಳಸಬ್ಯಾಡ ಅಂತ ಒಂದ ಮಾತು ಹೇಳಬಾರದಾಗಿತ್ತೇನ್ರಿ, ಮಲ್ಲಪ್ಪನವರ?" ಎಂದೆ.

"ಅಳಸ್ತಾನ ಅಂತ ನನಗೇನ ಕನಸ ಬಿದ್ದಿತ್ತೇನ್ರಿ, ಭಾವಾರ? ಕಂಟ್ರೋಲರ್ ಸಾಹೇಬ್ರು ಬಂದ್ರ ಎಲ್ಲಾ ಟೈಮಿಗೆ ಸರಿಯಾಗಿ ನಡಿತೈತಿ ಅಂತ ಹೇಳಿ ಈಕಿನ್ನ ಸಮಾಧಾನ ಮಾಡೀನಿ ನಾ. ಈಗ ನೋಡಿದ್ರ ಸಾಹೇಬ್ರ ಗಾಡಿನ ಪ್ಲಾಟ್‌ಫಾರ್ಮ್ ಬಿಟ್ಟಿಲ್ಲ."

"ಗಾಡಿ ಕೆಡಿಸಿ ತಂದವರು ನೀವು."

"ಸ್ಟೇರಿಂಗ್ ಹಿಡದವರು ನೀವು."

ನಮ್ಮ ಬಾಯಿಗಳು ಬಡಿದಾಡುವುದನ್ನು ಗಂಗವ್ವ ಒಲೆಯ ಬಳಿ ಕೂತು ನೋಡುತ್ತಿದ್ದಳು. ಕೇಳಿಸದವಳಿಗೆ ಜಗಳವೆಂದರೆ ಇಬ್ಬರು ಮುದುಕರು ಮೀನಿನಂತೆ ಬಾಯಿ ಬಿಡುವುದು. ಅವಳು ಫೋನು ತೆಗೆದು ನಮ್ಮ ಪಟ ಹೊಡೆದಳು. ಪಟ ಹೊಡೆಯಲು ಅದಕ್ಕೆ ಯಾವ ಸರ್ವೀಸೂ ಬೇಕಾಗಿರಲಿಲ್ಲ. ಪಟ ನೋಡಿ ನಕ್ಕಳು. ಆಮೇಲೆ ನಗು ನಿಲ್ಲಿಸಿ, ಫೋನನ್ನು ಕಣ್ಣಿಗೆ ಹತ್ತಿರ ತಂದು, ಎದ್ದು ಬಂದು ನನ್ನ ತಟ್ಟೆಯ ಪಕ್ಕದಲ್ಲಿಟ್ಟಳು.

ಪಟದಲ್ಲಿ ನಾನು ರೊಟ್ಟಿ ಹಿಡಿದು ಗದರಿಸುತ್ತಿದ್ದೆ. ಅವಳ ಬೆರಳು ಇದ್ದದ್ದು ಪಟದ ಮೇಲಿನ ಸಣ್ಣ ಅಕ್ಷರದ ಮೇಲೆ. ಅಂಕಿಗಳು ಅವಳಿಗೆ ಚೆನ್ನಾಗಿ ಬರುತ್ತವೆ. ತಿಂಗಳು ಸರಿ, ತಾರೀಖು ಸರಿ, ವೇಳೆ ನಿಮಿಷಕ್ಕೆ ಸರಿ. ಇಸವಿ ಮಾತ್ರ ಹನ್ನೊಂದು ವರ್ಷ ಹಿಂದಿನದು. ಗಂಗವ್ವ ನನ್ನ ಬಿಳಿಯ ಕೂದಲನ್ನು ಎಳೆದು ತೋರಿಸಿ, ಒಲೆಯ ಮಸಿಯನ್ನು ತೋರಿಸಿದಳು. ಆಗ ನಿನ್ನ ತಲೆ ಹೀಗೆ ಕಪ್ಪಗಿತ್ತಲ್ಲ ಎಂದು.

ಕೈಯಲ್ಲಿದ್ದ ರೊಟ್ಟಿ ಕೈಯಲ್ಲೇ ಉಳಿಯಿತು. ಬೆಳಿಗ್ಗೆ ನಾನು ಕೂಡಿಸಿದ್ದು ತಿಂಗಳು, ತಾರೀಖು, ಗಂಟೆ, ನಿಮಿಷ. ಇಸವಿಯನ್ನು ಮುಟ್ಟಿರಲೇ ಇಲ್ಲ. ಫೋನು ಕಾರ್ಖಾನೆಯಿಂದ ತಂದ ಇಸವಿ ಹಾಗೆಯೇ ಇತ್ತು. ನೋಡಿ, ಬಸ್ ನಿಲ್ದಾಣದಲ್ಲಿ ಇಸವಿಗೆ ಏನು ಕೆಲಸ? ಬಸ್ಸು ಇಷ್ಟು ನಿಮಿಷ ತಡ ಎಂದು ಬರೆಯುತ್ತೇವೆಯೇ ಹೊರತು ಇಂಥ ವರ್ಷದ ಬಸ್ಸು ಇಂಥ ವರ್ಷಕ್ಕೆ ಬಂತೆಂದು ಯಾರೂ ಬರೆಯುವುದಿಲ್ಲ. ನೌಕರಿಯುದ್ದಕ್ಕೂ ನನ್ನ ಕಣ್ಣು ಇಸವಿಯವರೆಗೆ ಹೋದದ್ದೇ ಇಲ್ಲ. ಆ ವರ್ಷದ ವಾರಗಳಾದರೂ ಈ ವರ್ಷದ ವಾರಗಳಿಗೆ ಬೇರೆಯಾಗಿದ್ದರೆ ಅನುಮಾನ ಬರುತ್ತಿತ್ತು. ಎರಡೂ ವರ್ಷ ಫೆಬ್ರುವರಿ ಹನ್ನೆರಡು ಗುರುವಾರವೇ. ಪಂಚಾಂಗ ಕೂಡ ಫೋನಿನ ಪಕ್ಷ ವಹಿಸಿತ್ತು.

ಆ್ಯಪ್ ಅಂಗಡಿ ಏಕೆ ತೆರೆಯಲಿಲ್ಲವೆಂಬುದು ಆಗ ತಿಳಿಯಿತು. ಒಮ್ಮೆ ಕಿಟಕಿಗೆ ಒಬ್ಬರು ಬಂದು ಪಾಸು ತೋರಿಸಿದ್ದರು. ಮುಂದಿನ ತಿಂಗಳಿಂದ ನಡೆಯುವ ಪಾಸು. ಠಸ್ಸೆಯಿತ್ತು, ಸಹಿಯಿತ್ತು, ಮನುಷ್ಯರೂ ಒಳ್ಳೆಯವರು. ಆದರೆ ಇನ್ನೂ ಶುರುವಾಗದ ಪಾಸಿಗೆ ನಾನು ಬಸ್ಸು ಹತ್ತಿಸಲಿಲ್ಲ. ಆ ಆ್ಯಪ್ ಅಂಗಡಿಯೂ ತನ್ನ ಪಾಸನ್ನು ಬೆಳಿಗ್ಗೆಯಿಂದ ಫೋನಿಗೆ ತೋರಿಸುತ್ತಲೇ ಇದ್ದಿರಬೇಕು. ಹನ್ನೊಂದು ವರ್ಷ ಹಿಂದೆ ಕೂತ ಫೋನು, ಈ ಪಾಸು ಇನ್ನೂ ಹುಟ್ಟೇ ಇಲ್ಲ ಎಂದು ಬಾಗಿಲಲ್ಲೇ ತಡೆದು ನಿಲ್ಲಿಸುತ್ತಿತ್ತು. ಫೋನು ಮಾಡಿದ್ದು ನಿಯಮದ ಪ್ರಕಾರವೇ ಇತ್ತು. ಅದು ನನ್ನನ್ನು ಇನ್ನಷ್ಟು ಕೆರಳಿಸಿತು.

"ಏನಾತ್ರಿ?" ಎಂದ ಮಲ್ಲಪ್ಪ.

"ಏನಿಲ್ಲ. ಟೈಮು ಸ್ವಲ್ಪ ತಡಾ ಐತಿ."

"ಎಷ್ಟು ತಡಾ?"

ಹೇಳಿದೆ. ಮಲ್ಲಪ್ಪ ನಗಲಿಲ್ಲ. ನಗದೆ ಇರಲು ಅವನು ಪಟ್ಟ ಪಾಡನ್ನು ನೋಡುವುದಕ್ಕಿಂತ ಅವನು ನಕ್ಕಿದ್ದರೇ ನನಗೆ ಹಿತವಾಗಿರುತ್ತಿತ್ತು. ನೀರು ಕುಡಿಯುವ ನೆಪದಲ್ಲಿ ಹಿತ್ತಲಿಗೆ ಹೋಗಿ ಬಹಳ ಹೊತ್ತು ಕೆಮ್ಮಿ ಬಂದ.

ಕೈ ತೊಳೆದು, ‘ತಾನಾಗಿಯೇ’ ಎಂಬುದರ ಮುಂದೆ ಗುರುತು ಹಾಕಿದೆ. ಫೋನು ಹನ್ನೊಂದು ವರ್ಷ ಒಂದೇ ಜಿಗಿತಕ್ಕೆ ದಾಟಿತು. ಅಂಗಡಿಯ ಚಿತ್ರ ಒತ್ತಿದೆ. ಉಂಗುರ ಸುತ್ತಿತು, ನಿಂತಿತು, ಬಾಗಿಲು ತೆರೆಯಿತು. ಒಳಗೆ ಹೋದ ಮೇಲೂ ಅದು ಸುಮ್ಮನೆ ಬಿಡಲಿಲ್ಲ. ಮೊದಲು ತನ್ನ ಸರ್ವೀಸುಗಳನ್ನು ತಾನೇ ಹೊಸದು ಮಾಡಿಕೊಳ್ಳುತ್ತೇನೆಂದಿತು. ಗುಪ್ತಪದ ಕೇಳಿತು. ಜಾಗ ಸಾಲದೆಂದಿತು. ಶರಣಪ್ಪ ಹಾಕಿದ ಕಡತಗಳನ್ನು ತೆಗೆದು ಹಾಕಿದ ಮೇಲೆ ಮುಖ ಕಾಣುವ ಆ್ಯಪು ಎತ್ತಿನ ಬಂಡಿಯಂತೆ ಇಳಿಯತೊಡಗಿತು. ಫೋನು ಕಾದು ಹೆಂಚಾಯಿತು. ಮಲ್ಲಪ್ಪ ಅದಕ್ಕೆ ಬೀಸಣಿಕೆಯಿಂದ ಗಾಳಿ ಹಾಕಿದ. ಹಾಕಬೇಡಿರೆಂದು ನಾನು ಹೇಳಲಿಲ್ಲ, ಆ ಹೊತ್ತಿಗೆ ನನ್ನ ಮಾತಿಗೆ ಮನೆಯಲ್ಲಿ ಬೆಲೆ ಉಳಿದಿರಲಿಲ್ಲ.

ಐದು ಗಂಟೆ ದಾಟಿತ್ತು. ಮೀರಜದ ಕರೆ ಹತ್ತಿತು. ಗಂಗವ್ವನಿಗೆ ಮಾತಾಡಲು ಎರಡು ಕೈ ಬೇಕು. ಫೋನನ್ನು ಡಬ್ಬಿಗೆ ಆನಿಸಿಟ್ಟರೆ ಜಾರಿತು. ಬ್ಯಾಟರಿ ಮುಗಿಯುತ್ತಿದೆಯೆಂದು ಕೆಂಪು ಗೆರೆ ಬೇರೆ. ಚಾರ್ಜರಿನ ವಯರು ಗಿಡ್ಡ. ಕೊನೆಗೆ ಗೋಡೆಯ ಪ್ಲಗ್ಗಿನ ಪಕ್ಕದಲ್ಲಿ ನಾನು ಫೋನನ್ನು ಎತ್ತಿ ಹಿಡಿದು ನಿಂತೆ. ಅವಳಿಗೆ ಗಾಜು, ನನಗೆ ಫೋನಿನ ಬೆನ್ನು. ಮಲ್ಲಪ್ಪ ಬಾಗಿಲು ಹಾಕಿ ಹೊರಗೆ ಕಟ್ಟೆಯ ಮೇಲೆ ಕೂತ, ಓಣಿಯವರನ್ನು ತಡೆಯಲು.

ಹೀಗಾಗಿ ನಾನು ಕಂಡದ್ದು ಅರ್ಧ ಮಾತು ಮಾತ್ರ, ಗಂಗವ್ವನದು. ಅವಳು ಬೈದಳು. ಕಣ್ಣಿಗೆ ಕೈ ಅಡ್ಡ ಹಿಡಿದು, ಹೆದರಿದವರನ್ನು ಅಣಕಿಸಿದಳು. ಆ ಕಡೆ ಏನಾಯಿತೋ, ಕೈ ಇಳಿಸಿ ಗಾಜನ್ನೇ ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ತನ್ನ ಅಂಗೈ ಮೇಲೆ ಗೀರಿ ತೋರಿಸಿದಳು. ಮತ್ತೆ ತೋರಿಸಿದಳು. ಆ ಕಡೆ ಸೊಸೆಗೆ ತಿಳಿಯುತ್ತಿರಲಿಲ್ಲವೆಂದು ಕಾಣುತ್ತದೆ. ತನ್ನ ಕೈ ತಾನೇ ಹಿಡಿದರೆ ಹೇಳುವವರಾರು, ಕೇಳುವವರಾರು ಎಂದು ಹೇಗೆ ತಿಳಿಯಬೇಕು? ಗಂಗವ್ವ ಸುತ್ತ ನೋಡಿ, ಫೋನು ಹಿಡಿಯದ ನನ್ನ ಎಡಗೈಯನ್ನು ಎಳೆದುಕೊಂಡಳು. ಇನ್ನೊಂದು ಕೈಯಿಂದ ನನ್ನ ಕಣ್ಣುಗಳನ್ನು ಮುಚ್ಚಿದಳು.

ಬೆರಳು ಅಂಗೈಯ ನಡುವೆ ಇಳಿಯಿತು. ಒಂದು ಗೀರು, ಬೆರಳ ತುದಿಯವರೆಗೆ. ನಿಂತಿತು. ಮಣಿಕಟ್ಟಿನ ಬಳಿ ಎರಡು ಒತ್ತು. ನಿಂತಿತು. ಆಮೇಲೆ ಪೂರ್ತಿ ಅಂಗೈ ನನ್ನ ಅಂಗೈ ಮೇಲೆ ಬಂದು, ಒತ್ತದೆ, ಸುಮ್ಮನೆ ಇತ್ತು. ಒಂದೊಂದರ ನಂತರವೂ ಅವಳು ಕಾಯುತ್ತಿದ್ದಳು, ಆ ಕಡೆ ಸೊಸೆ ಅತ್ತೆಯ ಅಂಗೈಯಲ್ಲಿ ಅದನ್ನೇ ಮಾಡುತ್ತಿರಬೇಕು. ತಪ್ಪಿದ್ದನ್ನು ತಿದ್ದಿ ಮತ್ತೆ ನನ್ನ ಕೈಯಲ್ಲಿ ಬರೆಯುತ್ತಿದ್ದಳು. ಬಲಗೈ ಭುಜದವರೆಗೆ ಜೋಮು ಹಿಡಿದಿತ್ತು. ನನಗೆ ಏನೂ ಕಾಣುತ್ತಿರಲಿಲ್ಲ. ಯಾವುದಕ್ಕೆ ಏನರ್ಥವೆಂದೂ ಗೊತ್ತಿರಲಿಲ್ಲ. ಆದರೂ ಪೂರ್ತಿ ಅಂಗೈ ಬಂದು ಕೂತಾಗಲೆಲ್ಲ ಅದು ಏನು ಹೇಳುತ್ತಿದೆಯೆಂದು ಯಾರನ್ನೂ ಕೇಳಬೇಕೆನಿಸಲಿಲ್ಲ.

ಕಣ್ಣಿನಿಂದ ಕೈ ತೆಗೆದಾಗ ಗಂಗವ್ವ ಫೋನನ್ನು ನನ್ನ ಕಡೆ ತಿರುಗಿಸಿದಳು. ಆಸ್ಪತ್ರೆಯ ಮಂಚದ ಮೇಲೆ ಕೂತ ಜೈಬುನ್ನೀಸಾ, ನೀಲಿ ಮಸಿ ಹತ್ತಿದ ಹೆಬ್ಬೆರಳನ್ನು ಎತ್ತಿ ನನಗೆ ತೋರಿಸುತ್ತಿದ್ದಳು. ಪಕ್ಕದಲ್ಲಿ ಸೊಸೆ ಅವಳ ಇನ್ನೊಂದು ಕೈ ಬಿಟ್ಟಿರಲಿಲ್ಲ.

ಕರೆ ಮುಗಿಯಿತು. ಬಾಗಿಲು ತೆರೆದು ಮಲ್ಲಪ್ಪನನ್ನು ಒಳಗೆ ಕರೆದೆ. ಫೋನನ್ನು ಚಾರ್ಜಿಗೆ ಹಾಕಿ, ಗಿಡ್ಡ ವಯರಿಗೆ ಅದು ಜೋತುಬೀಳದಂತೆ ಕೆಳಗೆ ಹಿಟ್ಟಿನ ಡಬ್ಬಿಯೊಂದನ್ನು ತಂದು ಆಸರೆ ಕೊಟ್ಟೆ.